ಹೆಣ ತಾಕಿದ ಹೊಸ್ತಿಲು

ನಾನು ಒಂದು ಹೊಸ್ತಿಲುಗಲ್ಲು. ಬಳ್ಳಾರಿ ಸೀಮೆಯ ಬೋಳುಗುಡ್ಡದಲ್ಲಿ ಹುಟ್ಟಿದವನು. ದಂಡಿನ ಬಿಳಿ ದೊರೆಗಳಿಗೆ ಒಂದು ಪುಟ್ಟ ಚರ್ಚು ಬೇಕಾಯಿತು. ಕಲ್ಲುಕುಟಿಗ ಸುಂಕಣ್ಣ ಬಂಡೆಯ ಮೇಲೆ ಬೆಂಕಿ ಹಾಕಿ, ನೀರು ಸುರಿದು, ನನ್ನನ್ನು ಸೀಳಿ ತೆಗೆದ. ಚೂಪು ಕಮಾನಿನ ದೊಡ್ಡ ಬಾಗಿಲಿಗೆ ನನ್ನನ್ನು ಹಾಸಿದ.

ಉತ್ತರದ ಗೋಡೆಗೆ ಇನ್ನೊಂದು ಬಾಗಿಲಿತ್ತು. ಕುಳ್ಳು, ಇಕ್ಕಟ್ಟು. ಅದರ ದಾರಿ ಗೋಡೆಯೊಳಗೇ ಮೊಣಕೈಯಂತೆ ಮಡಿಚಿತ್ತು. ಸಾಮಾನಿನ ಕೋಣೆಗಿರಬೇಕೆಂದು ಸುಂಕಣ್ಣ ಅದನ್ನೂ ಅಚ್ಚುಕಟ್ಟಾಗಿ ಕಟ್ಟಿದ. ಅವನೇ ದೀಕ್ಷಾಸ್ನಾನ ಪಡೆದು ಮೊದಲ ಭಾನುವಾರ ಬಂದಾಗ ದೊರೆಯ ಬೆತ್ತ ಅದೇ ಬಾಗಿಲನ್ನು ತೋರಿಸಿತು. ಒಳಗೆ ಕೂತವರ ಕಣ್ಣಿಗೆ ಬೀಳದಂತೆ ಊರಾಚೆಯ ಅವನ ಕೇರಿಯವರು ಬರಲಿ ಎಂದೇ ಆ ಮಡಿಕೆ. ತನ್ನ ಗೋಡೆಯನ್ನು ತಾನೇ ಕಟ್ಟಿಕೊಂಡಿದ್ದ, ಪಾಪಿ.

ಬದುಕಿದ್ದವರು ಹೇಗೋ ಬಗ್ಗಿ ನುಸುಳಿದರು. ಶವಪೆಟ್ಟಿಗೆ ಬಗ್ಗುವುದಿಲ್ಲವಲ್ಲ! ಕೇರಿಯ ಹೆಣಗಳಿಗೆ ಹೊರಗೆ, ಹುಣಸೆಮರದ ಬುಡದಲ್ಲೇ ಪ್ರಾರ್ಥನೆ. ದೊರೆಗಳು ಹಡಗು ಹತ್ತಿದರು. ಅವರ ಕುರ್ಚಿಯಲ್ಲಿ ನಮ್ಮ ಊರಿನ ಮೇಲ್ಜಾತಿಯ ಕ್ರೈಸ್ತರೇ ಕೂತರು. ಬಾಗಿಲು ಮಾತ್ರ ಅಲುಗಲಿಲ್ಲ.

ಸುಂಕಣ್ಣನ ಮರಿಮಗಳು ಕರುಣಮ್ಮ ನಲವತ್ತು ವರ್ಷ ಶನಿವಾರ ಶನಿವಾರ ನನ್ನನ್ನು ತೊಳೆದಳು. ಅವಳ ಅಂಗೈಯ ಒಂದೊಂದು ಬಿರುಕೂ ನನಗೆ ಗೊತ್ತು. ಅಂಗಾಲು ಗೊತ್ತಿಲ್ಲ. ಕೊನೆಯ ಸಲ ತೊಳೆಯುವಾಗ ಮಗಳು ಎಸ್ತೇರಿಗೆ ಹೇಳಿದಳು: "ಬದುಕಿದ್ದಾಗ ಬಗ್ಗೇ ಹೋದೆ ಕಣವ್ವ. ಸತ್ತಮೇಲಾದ್ರೂ ನನ್ನ ನೆಟ್ಟಗೆ ಒಳಗೊಯ್ಯಿ."

ಮೇ ತಿಂಗಳ ಒಂದು ಮಧ್ಯಾಹ್ನ ಎಸ್ತೇರಿ ಮುನ್ನಾದಿನ ತೀರಿಕೊಂಡ ತಾಯಿಯ ಪೆಟ್ಟಿಗೆ ಹೊರಿಸಿಕೊಂಡು ಬಂದಳು. ಸಭೆಯ ಕಾರ್ಯದರ್ಶಿ ಜಯಕರ ಅಡ್ಡ ನಿಂತ.

"ನಿಮ್ಮಮ್ಮ ಬಂಗಾರದಂಥಾಕಿ, ಇಲ್ಲ ಅಂದೋರ್ಯಾರು? ಆದ್ರೆ ನೂರೈವತ್ತು ವರ್ಷದ ಪದ್ಧತಿ ಐತಿ. ಹಳೇದನ್ನ ಕೆಡಿಸಬಾರ್ದಮ್ಮ."

"ಕೆಡಿಸಾಕೆ ನಾವ್ಯಾರಣ್ಣ? ಕಟ್ಟಿದೋರು ಅಷ್ಟೆ," ಎಂದಳು ಎಸ್ತೇರಿ. "ಅಯ್ಯನೋರೇ, ನೀವಾದ್ರೂ ಹೇಳ್ರಿ."

ಪಾದ್ರಿ ಅಯ್ಯನವರು ಬೈಬಲಿನ ರಟ್ಟನ್ನು ಸವರುತ್ತ ನಿಂತರು. ಆಮೇಲೆ ಒಳಗೆ ಸರಿದರು. ಜಯಕರ ಒಳಗಿನಿಂದ ಅಗುಳಿ ಹಾಕಿಕೊಂಡ. ಎಸ್ತೇರಿ ಪೆಟ್ಟಿಗೆಯನ್ನು ನನ್ನ ಮೇಲೇ ಇಳಿಸಿದಳು.

ಎರಡು ತಾಸು. ಹಲಗೆಯ ಸಂದಿನಿಂದ ನೀರು ಜಿನುಗಿ ನನ್ನ ಮೇಲೆ ಹರಿಯಿತು. ನೊಣ ಮುತ್ತಿದವು. ಬಾಗಿಲ ಹಿಂದಿನಿಂದ ಜಯಕರನ ದನಿ ಕೇಳಿಸಿತು: "ನೋಡ್ತಿರು, ನಾತಕ್ಕೆ ತಾವೇ ಎತ್ಕೊಂಡು ಹೋಗ್ತಾರೆ." ಹಾಗೆಯೇ ಆಯಿತು. ತಾಯಿ ಕೊಳೆಯುವುದನ್ನು ಯಾವ ಮಗಳು ನೋಡುತ್ತ ನಿಂತಾಳು? ಎಸ್ತೇರಿ ಒಮ್ಮೆ ಆ ಬಾಗಿಲಿಗೆ ಹಣೆ ಚಚ್ಚಿಕೊಂಡಳು. ಪೆಟ್ಟಿಗೆ ಎತ್ತಿಸಿದಳು.

ಮರುವಾರವೇ ನನ್ನನ್ನು ಹಾರೆ ಹಾಕಿ ಕಿತ್ತರು. "ಹೆಣದ ನೀರು ಕುಡಿದ ಕಲ್ಲು, ಮದುವೆ ಹೆಣ್ಣುಗಳು ಹೆಂಗೆ ತುಳೀತಾವೆ?" ಎಂದ ಜಯಕರ. ದೊರೆಗಳ ಹೆಣಗಳು, ಜಯಕರನ ಅಪ್ಪನ ಹೆಣವೂ, ನನ್ನನ್ನು ದಾಟಿಯೇ ಹೋಗಿದ್ದವು. ಆಗ ನನಗೆ ಮೈಲಿಗೆ ಅಂಟಿರಲಿಲ್ಲ.

ಈಗ ಅಲ್ಲಿ ಮಿರುಗುವ ಗ್ರಾನೈಟ್ ಇದೆ. ಪಕ್ಕದಲ್ಲಿ ಚರ್ಚಿನ ಕಮಾನು, ತೇಗದ ಮಾಡು, ಬಣ್ಣದ ಗಾಜುಗಳನ್ನು ಹೊಗಳುವ ಫಲಕ. ಸುಂಕಣ್ಣನ ಹೆಸರು ಹುಡುಕಬೇಡಿ. ನನ್ನನ್ನು ಹುಣಸೆಮರದ ಬುಡಕ್ಕೆ ಉರುಳಿಸಿದ್ದಾರೆ. ಕೇರಿಯವರು ತಮ್ಮ ಶವಪೆಟ್ಟಿಗೆಗಳನ್ನು ನನ್ನ ಮೇಲಿಟ್ಟೇ ಪ್ರಾರ್ಥನೆ ಮಾಡಿಸುತ್ತಾರೆ.

ಅವರಿಗೆ ಕೊನೆಗೂ ಹೊಸ್ತಿಲು ಸಿಕ್ಕಿತು. ಅದರ ಹಿಂದೆ ಬಾಗಿಲಿಲ್ಲ.