ಬೆಣಚುಕಲ್ಲಿನ ಒಲೆ

ರವೀಂದ್ರ ಚಿತ್ರದುರ್ಗದ ಕಾಲೇಜೊಂದರಲ್ಲಿ ಭೂವಿಜ್ಞಾನದ ಮೇಷ್ಟ್ರು. ಅವನ ಪಾಠ ಅಂದರೆ ಪಾಠ, ಅದರಲ್ಲಿ ಎರಡು ಮಾತಿಲ್ಲ. ಆವತ್ತು ರಾಮಗಿರಿ ಗುಡ್ಡದ ಬುಡದಲ್ಲಿ ಹದಿನಾಲ್ಕು ಮಂದಿ ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು ಎಷ್ಟು ಚೆನ್ನಾಗಿ ಹೇಳಿದ ಅಂತೀರಿ! ಕಲ್ಲು ಯಾವುದಾದರೂ ಕಾದರೆ ಹಿಗ್ಗುತ್ತದೆ, ಎಷ್ಟು ಹಿಗ್ಗುತ್ತದೆ ಅನ್ನೋದು ಅದರೊಳಗೆ ಏನೇನು ಬೆರೆತಿದೆ ಅನ್ನೋದರ ಮೇಲೆ ಹೋಗುತ್ತದೆ ಅಂದ. ಬರೀ ಸಿಲಿಕಾದಿಂದಾದ ಬೆಣಚುಕಲ್ಲು ಬೆಂಕಿಗೆ ವಿಪರೀತ ಉಬ್ಬುತ್ತದೆ. ಅದೇ ಸಿಲಿಕಾಕ್ಕೆ ಅಲ್ಯೂಮಿನಿಯಂ, ಕ್ಯಾಲ್ಸಿಯಂ ಸೇರಿಕೊಂಡ ಖನಿಜ ಅದರ ಮೂರರಲ್ಲೊಂದು ಪಾಲು ಉಬ್ಬಿದರೆ ಹೆಚ್ಚು. ಕರಿಕಲ್ಲಿನಲ್ಲಿ ಅಂಥದ್ದೇ ಜಾಸ್ತಿ ಅಂದ. ಮಕ್ಕಳು ಬರೆದುಕೊಂಡರು.

ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅಂತಾರಲ್ಲ, ಅದು ಮಧ್ಯಾಹ್ನಕ್ಕೆ ಗೊತ್ತಾಯಿತು.

ಬುತ್ತಿ ಬಿಚ್ಚುವ ಹೊತ್ತಿಗೆ ಮಕ್ಕಳಿಗೆ ಟೀ ಕಾಸುವ ಹುಕಿ ಬಂತು. ಸ್ವಾತಿ ಅನ್ನೋ ಹುಡುಗಿ ಬೆಳ್ಳಗೆ ಮಿಂಚುವ ಮೂರು ಕಲ್ಲು ಆರಿಸಿ ತಂದು, ಒಲೆ ಹೂಡಿ, ಫೋಟೊ ಹೊಡೆದು, ಹೇಗಿದೆ ಸರ್ ಅಂತ ಕೇಳಿದಳು. ರವೀಂದ್ರ ಅತ್ತ ನೋಡದೆಯೇ ಚೆನ್ನಾಗಿದೆ ಅಂದುಬಿಟ್ಟ. ಅವನ ಜೀವ ಬೇರೆ ಕಡೆ ಇತ್ತು. ಜಾಲಿಗಿಡಗಳ ಸಂದಿನಿಂದ ಕುರಿಮಂದೆ ಇಳಿದು ಬರುತ್ತಿತ್ತು, ಅದರ ಹಿಂದೆ ಹೆಗಲ ಮೇಲೆ ಕಂಬಳಿ ಹೊದ್ದ ಪಾಲಯ್ಯ ಬರುತ್ತಿದ್ದ.

ಪಾಲಯ್ಯ ಅವನ ಚಿಕ್ಕಪ್ಪ. ಹಿರಿಯೂರು ಕಡೆ ಹರಿಯಬ್ಬೆಯವನು, ಮೇವು ಹುಡುಕಿಕೊಂಡು ಇಲ್ಲಿತನಕ ಬಂದಿದ್ದ. ಅಪ್ಪ ಸತ್ತ ಮೇಲೆ ರವೀಂದ್ರನನ್ನು ಸಾಕಿದ್ದೂ ಅವನೇ, ಹಳ್ಳ ತುಂಬಿದಾಗ ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ದಾಟಿಸಿದ್ದೂ ಅವನೇ. ಈ ಪುಣ್ಯಾತ್ಮ ರವೀಂದ್ರನೋ, ನಮ್ಮ ಮನೆಯವರೆಲ್ಲ ಸರ್ಕಾರಿ ನೌಕರಿಯವರು ಅಂತ ಕಾಲೇಜಿನಲ್ಲಿ ಹೇಳಿಕೊಂಡು ಓಡಾಡುತ್ತಿದ್ದ.

ಪಾಲಯ್ಯನ ಮುಖ ಅರಳಿತು. ಕೈ ಎತ್ತಿ ಬೀಸಿದ. ಅದನ್ನು ಕಂಡ ನಿರಂಜನ್ ಅನ್ನೋ ಹುಡುಗ, ಗೊತ್ತಿರೋರಾ ಸರ್ ಅಂತ ಕೇಳಿದ.

"ಯಾರೋ ಕುರಿಯೋರು," ಅಂದ ರವೀಂದ್ರ.

ಪಾಲಯ್ಯನ ಕಿವಿಗೂ ಅದು ಬಿತ್ತು. ಬಾಯಿಗೆ ಬಂದಿದ್ದ ಹೆಸರನ್ನು ಅಲ್ಲೇ ನುಂಗಿಕೊಂಡ. ಹಿಂದಕ್ಕೆ ಹೊರಟವನು ಒಲೆ ನೋಡಿ ನಿಂತ.

"ಆ ಕಲ್ಲು ತೆಗೆಸ್ರಿ ಸರ್," ಅಂದ. "ಬೆಣಚುಕಲ್ಲು ಒಲೆಗೆ ಆಗಂಗಿಲ್ಲ."

ಸರ್! ಸಾಕಿದ ಬಾಯಲ್ಲಿ! ಕುರಿಯವರು ಒಲೆಗೆ ಕಲ್ಲು ಹೂಡುವ ಮುಂಚೆ ಮೂಲೆ ಚಚ್ಚಿ ನೋಡುತ್ತಾರೆ, ಒಳಗೆ ಬಿಳುಪು ಮಿಂಚಿದರೆ ಎಸೆಯುತ್ತಾರೆ. ಏಳು ವರ್ಷದವನಿದ್ದಾಗ ಇದೇ ಪಾಲಯ್ಯ ಕೈ ಹಿಡಿದು ಕಲಿಸಿದ್ದ. ವಿಪರೀತ ಉಬ್ಬುವ ಕಲ್ಲು ಬಿರಿಯುತ್ತದೆ, ಬೆಳಿಗ್ಗೆ ರವೀಂದ್ರ ಮಾಡಿದ ಪಾಠವೂ ಅದೇ ತಾನೆ? ಹೌದು ತೆಗೀರಿ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಮಾತಿಗೆ ಮಾತು ಬೆಳೆದು ಗುಟ್ಟು ರಟ್ಟಾದರೆ ಅನ್ನೋ ಭಯ ಅವನಿಗೆ.

"ನಿಮ್ ಕುರಿ ನೋಡ್ಕಳ್ರಿ ಹೋಗ್ರಿ. ಇದು ನಮ್ ಸಬ್ಜೆಕ್ಟು."

ಥೂ, ಎಂಥ ಬಾಯಿ ಅದು.

ಪಾಲಯ್ಯ ಹೋಗಲಿಲ್ಲ. ನಾಲ್ಕು ಹೆಜ್ಜೆ ದೂರ ನಿಂತು ಒಲೆಯನ್ನೇ ನೋಡುತ್ತಿದ್ದ. ಉರಿ ಜೋರಾಯಿತು, ನೀರು ಕುದಿಯಿತು. ಸ್ವಾತಿ ಟೀಪುಡಿ ಹಾಕಲು ಬಗ್ಗಿದಳು. ಕಲ್ಲು ಒಳಗೊಳಗೇ ಟಿಕ್ಕೆಂದಿತು. ಆ ಸದ್ದು ಕೇಳಿದವನು ಪಾಲಯ್ಯ ಒಬ್ಬನೇ. ಒಂದೇ ನೆಗೆತಕ್ಕೆ ಬಂದು ಹುಡುಗಿಯ ಮೇಲೆ ಕಂಬಳಿ ಎಳೆದು ಹಿಂದಕ್ಕೆ ನೂಕಿದ, ಕಲ್ಲು ಢಮ್ಮಂತ ಸಿಡಿಯಿತು. ಸ್ವಾತಿಗೆ ಒಂದು ಗೀರೂ ಆಗಲಿಲ್ಲ. ಪಾಲಯ್ಯನ ಹುಬ್ಬಿನ ಮೇಲೆ ಚೂರು ಬಡಿದು ರಕ್ತ ಇಳಿಯಿತು.

ಅವಳು ತನ್ನ ವೇಲು ಹರಿದು ಗಾಯಕ್ಕೆ ಕಟ್ಟಿದಳು. ಅಜ್ಜ, ನಿಮ್ಮ ಹೆಸರೇನು ಅಂತ ಕೇಳಿದಳು. ಪಾಲಯ್ಯ ಒಂದೇ ಒಂದು ಸಲ ರವೀಂದ್ರನ ಕಡೆ ನೋಡಿದ.

"ಹೆಸರ್ಯಾಕವ್ವ? ಯಾರೋ ಕುರಿಯೋರು ಅನ್ಕ."

ಆಗಲಾದರೂ ರವೀಂದ್ರ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ, ಆದರೆ ನಾಚಿಕೆಗೆ ನೆಲ ಎಲ್ಲಿ ಬಿರಿಯುತ್ತದೆ? ಪಾಲಯ್ಯ ಕಂಬಳಿ ಕೊಡವಿಕೊಂಡು ಕುರಿಗಳ ಹಿಂದೆ ಹೋದ.

ಸಂಜೆ ವ್ಯಾನು ಹೊಳಲ್ಕೆರೆ ದಾಟುವಾಗ ಸ್ವಾತಿ ವರದಿ ಬರೆಯುತ್ತಿದ್ದಳು. ಓದದೆಯೂ ಆ ಅಜ್ಜನಿಗೆ ಕಲ್ಲಿನ ಗುಣ ಗೊತ್ತಿತ್ತಲ್ಲ, ಹೆಸರು ಸಿಕ್ಕಿದ್ದರೆ ಮೊದಲಿಗೇ ಹಾಕುತ್ತಿದ್ದೆ ಅಂದಳು. ರವೀಂದ್ರ ಕಿಟಕಿಯ ಆಚೆ ನೋಡುತ್ತಲೇ ಹೇಳಿದ.

"ಪಾಲಯ್ಯ. ಹರಿಯಬ್ಬೆ. ನಮ್ ಚಿಕ್ಕಪ್ಪ."

ಸ್ವಾತಿ ಬರೆಯುವುದನ್ನು ನಿಲ್ಲಿಸಿ ತಿರುಗಿ ನೋಡಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಸ್ವಾತಿ ಬೈಯಲಿಲ್ಲ, ನಿಜವಾಗಲೂ ಅರ್ಥವಾಗದೆ ಮೆಲ್ಲಗೆ ಕೇಳಿದಳು.

"ಮತ್ತೆ ಅವ್ರು ನಿಮ್ಗೆ ಸರ್ ಅಂದ್ರಲ್ಲ ಸರ್?"

ಇಡೀ ದಿನ ಪಾಠ ಹೇಳಿದ ಮೇಷ್ಟ್ರಿಗೆ ಇದಕ್ಕೂ ಉತ್ತರ ಗೊತ್ತಿತ್ತು.