ನಾಗಲಿಂಗಮ್ಮ ಓದಿದ ಚೀಟಿಗಳು

ಒಂದೇ ವರ್ಷದಲ್ಲಿ ನಾಲ್ವರು ಕೆಲಸ ಬಿಟ್ಟು ಹೋದರೆಂಬ ಸುದ್ದಿ ಅನುದಾನ ಕೊಡುವವರ ಕಿವಿಗೆ ಬಿತ್ತು. ಅವರ ಪತ್ರ ಬಂದ ಮರುದಿನವೇ ಗುರುಬಸವರಾಜ ಸರ್ ಹಗರಿಬೊಮ್ಮನಹಳ್ಳಿಯ ಕಚೇರಿಯ ಗೋಡೆಗೆ ಒಂದು ತಗಡಿನ ಡಬ್ಬಿ ಹೊಡೆಸಿ, ಅದರ ಮೇಲೆ 'ಮನಸ್ಸು ಬಿಚ್ಚಿ ಬರೆಯಿರಿ' ಎಂದು ಕೆಂಪು ಬಣ್ಣದಲ್ಲಿ ಬರೆಸಿದರು. ಸಂಸ್ಥೆ ಕಟ್ಟಿದವರು ಅವರೇ, ಹದಿನೆಂಟು ವರ್ಷದಿಂದ ನಡೆಸುತ್ತಿದ್ದವರೂ ಅವರೇ. ಹೆಂಗಸರ ಅಕ್ಷರ ತರಗತಿ, ಮಕ್ಕಳ ಆರೋಗ್ಯ ಶಿಬಿರ ಎಂದು ಸುತ್ತಲಿನ ಹಳ್ಳಿಗಳಲ್ಲಿ ಒಳ್ಳೆಯ ಕೆಲಸವೇ ನಡೆಯುತ್ತಿತ್ತು. ಸರ್ ಅವರ ಮಾತು ಮಾತ್ರ ಸ್ವಲ್ಪ ಹೆಚ್ಚು.

"ಹೆಸರು ಬರೀಬ್ಯಾಡ್ರಿ. ಏನ್ ತ್ರಾಸ ಐತಿ ಅದನ್ನಷ್ಟ ಬರೀರಿ. ತಿಂಗಳ ಕೊನಿಗೆ ಎಲ್ಲಾರ ಮುಂದ ತೆಗಿಯೋಣು. ನಾವೆಲ್ಲ ಒಂದ ಮನಿಯವರು," ಎಂದರು.

ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬ ಪ್ರಶ್ನೆ ಬಂತು. ಸರ್ ಯೋಚಿಸಲೂ ಇಲ್ಲ.

"ನಾಗಲಿಂಗಮ್ಮನ ಕಡೆ ಇರ್ಲಿ. ಆಕಿಗೆ ಓದಾಕ ಬರಂಗಿಲ್ಲ, ಯಾರೂ ಹೆದರೋದು ಬ್ಯಾಡ."

ನಾಗಲಿಂಗಮ್ಮ ಕೋಗಳಿಯವಳು. ಕಚೇರಿ ಗುಡಿಸಿ, ಒರೆಸಿ, ದಿನಕ್ಕೆ ಮೂರು ಸಲ ಚಹಾ ಮಾಡುವವಳು. ಎಂಟು ವರ್ಷದ ಹಿಂದೆ ಕೆಲಸಕ್ಕೆ ಸೇರುವಾಗ ಹೆಬ್ಬೆಟ್ಟು ಒತ್ತಿದ್ದು ನಿಜ. ಆದರೆ ಆಮೇಲೆ ಅವಳು ತನ್ನೂರಿನಲ್ಲಿ ಸಂಸ್ಥೆಯೇ ನಡೆಸುತ್ತಿದ್ದ ಸಂಜೆ ತರಗತಿಗೆ ಎರಡು ವರ್ಷ ಹೋಗಿ ಓದು ಕಲಿತಿದ್ದಳು. ಪ್ರಮಾಣಪತ್ರ ಕೊಟ್ಟವರು ಗುರುಬಸವರಾಜ ಸರ್ ಅವರೇ. ಆ ದಿನ ಎಂಬತ್ತು ಹೆಂಗಸರಿಗೆ ಕೊಡುವಾಗ ಅವರ ಕಣ್ಣೆಲ್ಲ ಕ್ಯಾಮರಾದ ಕಡೆಗಿತ್ತು. ಈಗಲೂ ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಒಂದು ವಾರ ತಡೆದಳು. ಎಂಟನೆಯ ದಿನ ಬೆಳಿಗ್ಗೆ, ಯಾರೂ ಬರುವ ಮುಂಚೆ ಡಬ್ಬಿಯ ಮೇಲಿನ ಧೂಳು ಒರೆಸುತ್ತ, ಒಳಗಿನದನ್ನೂ ಒರೆಸಿದರಾಯಿತು ಎಂದು ಬೀಗ ತೆಗೆದಳು. ಮೊದಲು ಕೈಗೆ ಸಿಕ್ಕ ಚೀಟಿಯಲ್ಲಿ ಒಂದೇ ಸಾಲು ಇತ್ತು: 'ಚಾ ಕಲಗಚ್ಚಿನಂಗ ಇರ್ತೈತಿ.'

ತಪ್ಪು ಓದಿದೆನೇನೋ ಎಂದು ಮತ್ತೆ ಓದಿದಳು. ಕಲಗಚ್ಚೇ, ಎಮ್ಮೆಗೆ ಇಡುವ ಮುಸುರೆ ನೀರು. ಇದು ಜೀಪು ಓಡಿಸುವ ಶೇಖಾವಲಿಯ ಕೆಲಸ ಎಂದು ಗೊತ್ತಾಯಿತು. ಅಕ್ಷರಗಳನ್ನೆಲ್ಲ ಹೀಗೆ ಮಲಗಿಸುವವನು ಅವನೊಬ್ಬನೇ. ಅವತ್ತು ಅವನ ಮುಂದೆ ಲೋಟ ಕುಕ್ಕಿ ಹೋದಳು. ಸಿಟ್ಟು ಇಳಿದ ಮೇಲೆ ತಾನೇ ಒಂದು ಗುಟುಕು ಕುಡಿದು ನೋಡಿದಳು. ಆ ಮನುಷ್ಯ ಸುಳ್ಳು ಬರೆದಿರಲಿಲ್ಲ. ಮರುದಿನ ಪುಡಿ ಹೆಚ್ಚು ಹಾಕಿ, ಶುಂಠಿ ಜಜ್ಜಿದಳು.

"ಅಕ್ಕ, ಏನ್ ಚಾ ರೀ ಇದು! ಇವತ್ತೇನು ವಿಶೇಷ?" ಎಂದ ಶೇಖಾವಲಿ.

"ಎಮ್ಮಿ ಒಲ್ಲೆ ಅಂತು, ಅದಕ್ಕ ನಿನಗ ತಂದೆ."

ಅವನು ಲೋಟದೊಳಗೆ ಒಮ್ಮೆ, ಗೋಡೆಯ ಡಬ್ಬಿಯ ಕಡೆಗೆ ಒಮ್ಮೆ ನೋಡಿದ.

ಆಮೇಲೆ ನಾಗಲಿಂಗಮ್ಮನಿಗೆ ರುಚಿ ಹತ್ತಿತು. 'ಹೆಂಗಸರ ಸಂಡಾಸಿಗೆ ಚಿಲಕವಿಲ್ಲ, ಕಾಲಿನಿಂದ ಬಾಗಿಲು ಒತ್ತಿ ಹಿಡಿಯಬೇಕು' ಎಂಬ ಚೀಟಿ ಓದಿ, ಎದುರಿನ ವೆಲ್ಡಿಂಗ್ ಅಂಗಡಿಯ ಯೂನುಸನನ್ನು ಕರೆತಂದು ಅರ್ಧ ಗಂಟೆಯಲ್ಲಿ ಚಿಲಕ ಹಾಕಿಸಿದಳು. 'ನಾಲ್ಕಕ್ಕೆ ಶುರುವಾದ ಸಭೆ ಏಳಾದರೂ ಮುಗಿಯುವುದಿಲ್ಲ, ಹರಪನಹಳ್ಳಿ ಬಸ್ಸು ತಪ್ಪುತ್ತದೆ' ಎಂಬುದಕ್ಕೂ ದಾರಿ ಹುಡುಕಿದಳು. ಮುಂದಿನ ಸೋಮವಾರ ಸರ್ ಸಂಸ್ಥೆ ಹುಟ್ಟಿದ ಕಥೆಯನ್ನು ಅರ್ಧ ಹೇಳಿ ಮುಗಿಸಿದ್ದರು. ಸರಿಯಾಗಿ ಐದೂವರೆಗೆ ಅವಳು ಬಕೆಟ್ಟು, ಒರೆಸುವ ಬಟ್ಟೆ ಹಿಡಿದು ಒಳಗೆ ಬಂದಳು.

"ಸರ, ಕಾಲು ಎತ್ರಿ."

"ಸಭೆ ನಡದೈತಲ್ಲ, ನಾಗಲಿಂಗಮ್ಮ!"

"ನಡೀಲಿ ಬಿಡ್ರಿ. ನಾ ಕೆಳಗ ಒರಸ್ತೀನಿ, ನೀವು ಮ್ಯಾಲ ಮಾತಾಡ್ರಿ."

ಫಿನಾಯಿಲಿನ ವಾಸನೆಯಲ್ಲಿ ಕಾಲೆತ್ತಿ ಕುಳಿತು ಇತಿಹಾಸ ಹೇಳುವುದು ಯಾರಿಗಾದರೂ ಕಷ್ಟ. ಆ ಸಂಜೆ ಎಲ್ಲರಿಗೂ ಬಸ್ಸು ಸಿಕ್ಕಿತು.

ಒಂದು ಚೀಟಿ ಮಾತ್ರ ಅವಳ ಕೈಮೀರಿ ಉಳಿಯಿತು. ದುಂಡನೆಯ ಆ ಅಕ್ಷರ ಅಮೃತಾಳದು. ಅಮೃತಾ ಚಿಗಟೇರಿಯ ಹುಡುಗಿ, ಹಳ್ಳಿ ಹಳ್ಳಿ ತಿರುಗುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅತಿಥಿಗಳು ಬಂದರೆ, ವರದಿಗೆ ಫೋಟೊ ಬೇಕಾದರೆ ಸರ್ ಭಾನುವಾರವೂ ಅವಳಿಗೇ ಫೋನು ಮಾಡುತ್ತಿದ್ದರು. ನಾಗಲಿಂಗಮ್ಮ ಆ ಚೀಟಿಯನ್ನು ಮೂರು ಸಲ ಓದಿ, ಮಡಚಿ, ಮತ್ತೆ ಡಬ್ಬಿಯಲ್ಲಿಟ್ಟಳು.

ತಿಂಗಳ ಕೊನೆಗೆ ಎಲ್ಲರೂ ಸೇರಿದರು. ಸರ್ ಖುಷಿಯಲ್ಲಿದ್ದರು.

"ನೋಡ್ರಿ, ಡಬ್ಬಿ ಹಾಕಿದ್ದ ತಡ, ಎಲ್ಲಾರ ಮಾರಿ ಮ್ಯಾಲ ನಗಿ ಬಂದೈತಿ. ಇನ್ನ ಇವನ್ನ ಓದಿ ಯಾಕ ಸುಮ್ಮನ ಬ್ಯಾಸರ ಮಾಡ್ಕೊಳ್ಳೋದು? ನಾಗಲಿಂಗಮ್ಮ, ಎಲ್ಲಾ ಹರದು ಕಸದಾಗ ಹಾಕು."

ಡಬ್ಬಿಯ ಬೀಗ ತೆಗೆದ ನಾಗಲಿಂಗಮ್ಮ ಹರಿಯಲಿಲ್ಲ.

"ಮೂರು ಮುಗದಾವ್ರಿ ಸರ. ಒಂದು ಉಳದೈತಿ."

"ಏನು ಮೂರು?"

"ಚಾ, ಚಿಲಕ, ಬಸ್ಸು."

"ಅದು ನಿನಗ ಹೆಂಗ ಗೊತ್ತು?"

"ಓದಿನ್ರಿ."

ಶೇಖಾವಲಿ ಮೆಲ್ಲಗೆ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಸರ್ ಮೇಜಿನ ಮೇಲೆ ಮುಂದಕ್ಕೆ ಬಾಗಿದರು.

"ನಿನಗ ಓದಾಕ ಯಾರು ಕಲಿಸಿದ್ರು?"

"ನೀವ ಕಲಿಸಿದ್ರಲ್ರಿ, ಕೋಗಳ್ಯಾಗ. ಫೋಟೋನೂ ಹೊಡಿಸಿದ್ರಿ."

ಅವರು ಮುಂದೆ ಏನಾದರೂ ಹೇಳುವ ಮುಂಚೆ ಅವಳು ಚೀಟಿ ಬಿಚ್ಚಿದಳು. ಬೆರಳಿಟ್ಟು, ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತ ಓದಿದಳು.

"ಹನ್ನೊಂದು ಭಾನುವಾರ... ಕೆಲಸಕ್ಕೆ ಬಂದೆ. ಆಗುವುದಿಲ್ಲ ಎಂದರೆ... ನಾವೆಲ್ಲ ಒಂದೇ ಮನೆಯವರು ಎನ್ನುತ್ತಾರೆ. ನನಗೂ... ಒಂದು ಮನೆ ಇದೆ. ತಂಗಿಯ ನಿಶ್ಚಿ... ನಿಶ್ಚಿತಾರ್ಥವನ್ನು ಫೋನಿನಲ್ಲಿ ನೋಡಿದೆ. ರಾಜೀನಾಮೆ ಬರೆದು... ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಕೊಡಲು ಮನಸ್ಸಿಲ್ಲ. ಹಳ್ಳಿಯಲ್ಲಿ ಹೆಂಗಸರು... ಕಾಯುತ್ತಾರೆ."

ಬೇಗ ಓದಿದ್ದರೆ ಸರ್ ನಡುವೆ ಬಾಯಿ ಹಾಕುತ್ತಿದ್ದರೇನೋ. 'ನಿಶ್ಚಿತಾರ್ಥ' ದಾಟುವುದಕ್ಕೇ ಅವಳಿಗೆ ಬಹಳ ಹೊತ್ತು ಹಿಡಿಯಿತು, ಅಷ್ಟೂ ಹೊತ್ತು ಅವರೂ ಆ ಪದದ ಜೊತೆಗೇ ಕೂರಬೇಕಾಯಿತು.

"ಯಾರು ಬರದದ್ದು ಇದು?" ಎಂದಾಗ ಅವರ ದನಿ ಸಣ್ಣಗಾಗಿತ್ತು.

"ಹೆಸರು ಬ್ಯಾಡ ಅಂದವ್ರು ನೀವ ಅಲ್ಲೇನ್ರಿ?"

ಅಮೃತಾ ನೆಲ ನೋಡುತ್ತಿದ್ದಳು. ಸರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

"ನಮ್ಮ ಮನ್ಯಾಗೂ ಇದ ಜಗಳ. ಭಾನುವಾರಕ್ಕೊಮ್ಮೆರ ಮನಿಗೆ ಬಂದು ಹೋಗ್ರಿ ಅಂತಾಳ ನಮ್ಮಾಕಿ."

ಮೊದಲು ಶೇಖಾವಲಿ ನಕ್ಕ, ಆಮೇಲೆ ಎಲ್ಲರೂ. ಸರ್ ನಗಲು ತುಸು ತಡವಾಯಿತು, ಆದರೂ ನಕ್ಕರು. ಎದ್ದು ಹೋಗಿ ಬೋರ್ಡಿನ ಮೇಲೆ 'ಭಾನುವಾರ ರಜೆ' ಎಂದು ಬರೆದರು. ಅದರ ಕೆಳಗೆ 'ತುರ್ತು ಇದ್ದಲ್ಲಿ' ಎಂದು ಶುರು ಮಾಡಿ, ಹಿಂದೆ ತಿರುಗಿ ಎಲ್ಲರ ಮುಖ ನೋಡಿ, ಅಂಗೈಯಿಂದ ಒರೆಸಿಬಿಟ್ಟರು. ಬೀಗದ ಕೈಯನ್ನು ಮಾತ್ರ ನಾಗಲಿಂಗಮ್ಮನಿಂದ ವಾಪಸು ಇಸಕೊಂಡರು.

ಆ ಭಾನುವಾರ ಚಿಗಟೇರಿಯ ಮನೆಯಲ್ಲಿ ಒಂಬತ್ತಾದರೂ ಅಮೃತಾ ಏಳಲಿಲ್ಲ. ತಾಯಿ ಗಂಗಾಂಬಿಕಾ ಎರಡು ಸಲ ಬಂದು ನೋಡಿ ಹೋದಳು. ಮೂರನೆಯ ಸಲ ತಡೆಯಲಾರದೆ ಹೊದಿಕೆ ಎಳೆದಳು.

"ಏಳವ್ವ. ಕೆಲಸದಿಂದ ತೆಗದಾರೇನ? ಖರೇ ಹೇಳು, ನಾ ಏನೂ ಅನ್ನಂಗಿಲ್ಲ."

"ಇಲ್ಲಬೇ, ಸೂಟಿ ಕೊಟ್ಟಾರ."

"ಯಾರು, ನಿಮ್ಮ ಸರ್ರ?" ಗಂಗಾಂಬಿಕಾ ಮಂಚದ ತುದಿಗೆ ಕುಳಿತಳು. "ಪಾಪ, ಮೈಯಾಗ ಆರಾಮಿಲ್ಲೇನ ಅವರಿಗೆ?"

ಅಮೃತಾ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು, ಅದರೊಳಗೇ ನಕ್ಕಳು.