ನಕ್ಷೆಗಳಿಗೆ ಬೇವಿನ ಕಪಾಟು

ಹುಬ್ಬಳ್ಳಿಯಲ್ಲಿ ೧೯೩೭ನೆಯ ಇಸವಿಯಲ್ಲಿ ಇತ್ಯರ್ಥವಾದ ಗಹನ ಪ್ರಶ್ನೆಗಳಲ್ಲಿ ಮೊದಲನೆಯದು ಇದು: ಹಳೆಯ ಕಬರಸ್ತಾನದ ನಕ್ಷೆಗಳನ್ನು ಇಡುವ ಕಪಾಟು ಸಾಗವಾನಿಯದಾಗಬೇಕೋ, ಬೇವಿನದಾಗಬೇಕೋ? ಪ್ರಾಂತದ ಚುನಾವಣೆಯೂ ಅದೇ ವರ್ಷ ನಡೆಯಿತು, ಆದರೆ ಅದರ ಚರ್ಚೆ ಬೇಗ ತಣ್ಣಗಾಯಿತು. ಕಪಾಟಿನ ಚರ್ಚೆ ಬೇಸಗೆ ಪೂರ್ತಿ ನಡೆಯಿತು. ಕಬರಸ್ತಾನದ ಕಮಿಟಿಗೆ ಗೌಸಮೊದ್ದೀನ ಸಾಹೇಬರು ಅಧ್ಯಕ್ಷರು. ಅವರದು ಕೊಡೆಯ ಅಂಗಡಿ. ಮಳೆಗಾಲ ಬಿಟ್ಟರೆ ಉಳಿದ ವರ್ಷವೆಲ್ಲ ಲೋಕಕಲ್ಯಾಣಕ್ಕೆ ಬಿಡುವು.

ನಕ್ಷೆಗಳು ಮಾವಿನ ಹಲಗೆಯ ಪೆಟ್ಟಿಗೆಯೊಂದರಲ್ಲಿದ್ದವು. ಎಲ್ಲಕ್ಕಿಂತ ಹಳೆಯದು ಕಂಪನಿ ಸರಕಾರದ ಕಾಲದ್ದು. ಕೊನೆಯದು ಜ್ವರದ ವರ್ಷದ್ದು. ಹದಿನೆಂಟನೆಯ ಇಸವಿಯ ಆ ಜ್ವರದಲ್ಲಿ ಹೆಣ ಹೊರುವ ಹೆಗಲುಗಳೇ ಸಾಲದಿದ್ದಾಗ, ಗೋರಿಗೆ ಕಲ್ಲು ನಿಲ್ಲಿಸುವ ಪುರಸತ್ತು ಯಾರಿಗಿತ್ತು? ಮಣ್ಣಿನ ದಿಬ್ಬಗಳು ಎರಡು ಮಳೆಗೆ ನೆಲಸಮವಾದವು. ಯಾರು ಎಲ್ಲಿದ್ದಾರೆಂಬುದು ಗೊತ್ತಿದ್ದದ್ದು ಕಾವಲುಗಾರ ಅಲ್ಲಾಸಾಬ ಬರೆದಿಟ್ಟ ಆ ಒಂದು ಹಾಳೆಗೆ ಮಾತ್ರ. ಅಲ್ಲಾಸಾಬನೂ ಅದೇ ಜ್ವರಕ್ಕೆ ಹೋದ. ತನ್ನ ಜಾಗವನ್ನು ಮಾತ್ರ ಗುರುತು ಹಾಕಲು ಅವನಿಗೆ ಅನುಕೂಲವಾಗಲಿಲ್ಲ.

ಪೆಟ್ಟಿಗೆಗೆ ಒರಲೆ ಹುಳ ಹತ್ತಿದ್ದನ್ನು ಕಂಡ ಕಮಿಟಿ, ನಕ್ಷೆಗಳನ್ನು ಉಳಿಸಿ ಯಾದಿ ಮಾಡಿಕೊಡಲು ಧಾರವಾಡದಿಂದ ಪಂಢರಿನಾಥ ಮಾಸ್ತರರನ್ನು ಕರೆಸಿತು. ಇವರು ಸಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ನಕ್ಷೆಗಳನ್ನು ಹಕ್ಕಿಯ ಗರಿಯಿಂದ ಗುಡಿಸಿದರು, ಉದ್ದಗಲ ಅಳೆದರು, ಕಾಗದ ಯಾವುದು, ಮಸಿ ಎಂಥದು ಎಂದು ಬರೆದರು. ಕೊನೆಯ ಹಾಳೆಯ ಬಗ್ಗೆ ಯಾದಿಯಲ್ಲಿ ಹೀಗಿದೆ: “ನಡುವೆ ಒಂದು ಗಿಡ. ಎಲೆಗಳ ಛಾಯೆ ಉತ್ತಮ. ಬೊಡ್ಡೆ ತುಸು ಬಿಗಿ. ಗಿಡದಿಂದ ಸುತ್ತಲೂ ಹೊರಟ ಗೆರೆಗಳು ಅನವಶ್ಯಕ, ಚಿತ್ರವನ್ನು ಕೆಡಿಸುತ್ತವೆ.” ಗೆರೆಗಳ ಮೇಲಿನ ಬರಹ ಉರ್ದುವಿನಲ್ಲಿದ್ದುದರಿಂದ ಮಾಸ್ತರರು ಓದಲಿಲ್ಲ. ಓದಬಲ್ಲ ಗೌಸಮೊದ್ದೀನ ಸಾಹೇಬರಿಗೆ ಅವರು ಹಾಳೆ ಮುಟ್ಟಗೊಡಲಿಲ್ಲ.

ಬಳೆ ಮಾರುವ ಗುಲ್ಜಾರಬಿಗೆ ಬೇಕಾದದ್ದು ಅದೇ ಹಾಳೆ. ಗಂಡ ಬಡೇಸಾಬ ಜ್ವರದ ವರ್ಷ ಹೋದವನು. ಅವಳ ಓಣಿಯಲ್ಲಿ ಹೆಂಗಸರು ಕಬರಸ್ತಾನದ ಒಳಗೆ ಹೋಗುವ ಪದ್ಧತಿಯಿಲ್ಲ, ಹೀಗಾಗಿ ಅವನ ಗೋರಿಯನ್ನು ಅವಳು ಕಣ್ಣಿಂದ ಕಂಡವಳೇ ಅಲ್ಲ. ಈಗ ಎದೆಯಲ್ಲಿ ಕೆಮ್ಮು ಮನೆಮಾಡಿತ್ತು. ಗೇಟಿನ ಹೊರಗೆ ಬಳೆಯ ಗಂಟು ಇಳಿಸಿ ಮಾಸ್ತರರನ್ನು ತಡೆದಳು.

“ಮಾಸ್ತರ್ರ, ನಮ್ಮವರು ಎಲ್ಲಿ ಅದಾರ ಅಂತ ಆ ಹಾಳ್ಯಾಗ ಐತಂತ. ಒಂದೀಟು ನೋಡಿ ಹೇಳ್ರಿ. ಬಾಜೂಕ ನನಗೊಂದು ಜಾಗಾ ಹಿಡಸಬೇಕು.”

“ಬೀಬಿ, ಅದೇನು ಅರಿವಿ ಅಲ್ಲ, ಕೊಡವಿ ತೋರ್ಸಲಿಕ್ಕೆ. ಮುಟ್ಟಿದ್ರ ಹಪ್ಪಳದಾಂಗ ಮುರೀತದ. ಕಪಾಟ ಬರ್ಲಿ, ಯಾದಿ ಮುಗೀಲಿ, ಆಮ್ಯಾಲೆ ನೋಡೋಣಂತ.”

“ನೀವು ಮುಗಸೂದ್ರಾಗ ನಾ ಮುಗದಿರ್ತೇನಿ.”

“ಹಾಂಗ ಅನಬ್ಯಾಡ್ರಿ. ಗಡಿಬಿಡಿ ಮಾಡಿದ್ರ ಇಂಥಾ ಕೆಲಸ ಕೆಡತಾವ.”

ಬೇವಿಗೆ ಹುಳ ಹತ್ತುವುದಿಲ್ಲ ಎಂದು ಮಾಸ್ತರರು ಸಾಧಿಸಿದ ಮೇಲೆ ಕಪಾಟಿನ ಪ್ರಶ್ನೆ ಬಗೆಹರಿಯಿತು. ಬೇವು ಎಲ್ಲಿಂದ ತರುವುದೆಂದು ಒಬ್ಬ ಸದಸ್ಯ ಕೇಳಿದ.

“ಎಲ್ಲಿಂದ ಯಾಕ? ನಮ್ಮ ಕಬರಸ್ತಾನದಾಗ ಒಂದು ನಿಂತೈತಲ್ಲ, ಇಷ್ಟು ವರ್ಷ ಬಾಡಿಗಿ ಕೊಡದ,” ಎಂದರು ಗೌಸಮೊದ್ದೀನ ಸಾಹೇಬರು. ಎಲ್ಲರೂ ನಕ್ಕರು. ಠರಾವು ಪಾಸಾಯಿತು.

ಗಿಡ ಬಿತ್ತು. ಬೊಡ್ಡೆಯಲ್ಲಿ ಯಾವನೋ ಬಡಿದಿದ್ದ ಕಬ್ಬಿಣದ ಮೊಳೆ ತಾಕಿ ಗರಗಸದ ಹಲ್ಲು ಮುರಿಯಿತೆಂದು ಬಡಿಗ ಒಂದು ದಿನ ಬೈದುಕೊಂಡ. ಮೊಳೆ ಕಿತ್ತು ಎಸೆದ. ಕಟ್ಟಿಗೆ ಅಡ್ಡೆಯವನು ಬೇರುಸಹಿತ ಬುಡ ಅಗೆದು ಒಯ್ದ. ಚೊಕ್ಕಟತನ ಮೆಚ್ಚುವ ಕಮಿಟಿ ಕುಣಿ ಮುಚ್ಚಿಸಿ, ಸುತ್ತಲ ನೆಲಕ್ಕೆಲ್ಲ ರೋಲರ್ ಹೊಡೆಸಿತು.

ದಿಮ್ಮಿ ಹೊತ್ತ ಚಕ್ಕಡಿ ಗೇಟು ದಾಟುವಾಗ ಗುಲ್ಜಾರಬಿ ಅಲ್ಲೇ ಇದ್ದಳು.

“ಗೌಸಮೊದ್ದೀನ, ನಮ್ಮವರು ಈ ಗಿಡದ ಕಡೇನ ಅದಾರ ಅಂತ ಮೈದುನ ಹೇಳಿದ್ನೋ.”

“ಚಾಚಿ, ಗಿಡ ಹೋದ್ರ ಏನಾತು, ನಕ್ಷಾ ಐತಲ್ಲ. ಗಿಡ ಒಂದಿನ ಒಣಗೂದ. ನಕ್ಷಾ ಇನ್ನ ನೂರು ವರ್ಷ ಇರತೈತಿ.”

ಈ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಮೊದಲ ಮಳೆಗಳಾದ ಮೇಲೆ ಕಪಾಟು ಬಂತು, ಯಾದಿಯೂ ಮುಗಿಯಿತು. ಮಾಸ್ತರರು ಕೊನೆಯ ಹಾಳೆಯನ್ನು ಮೇಜಿನ ಮೇಲೆ ಹಾಸಿ ಸಾಹೇಬರಿಗೆ ಓದಲು ಅಪ್ಪಣೆ ಕೊಟ್ಟರು. ಸಾಹೇಬರು ಗೆರೆಯೊಂದರ ಮೇಲೆ ಬೆರಳು ಆಡಿಸುತ್ತ ಓದಿದರು.

“ಬಡೇಸಾಬ, ಬಳಿಗಾರ. ಗಿಡದ ಮೊಳಿಯಿಂದ ನೆಟ್ಟಗ ಹಗ್ಗ ಹಿಡದು ಹದಿನಾಕು ಗಜ.” ಮುಂದಿನ ಗೆರೆಯನ್ನೂ ಓದಿದರು. ಅದೂ ಮೊಳೆಯಿಂದಲೇ. ಎಲ್ಲವೂ ಮೊಳೆಯಿಂದಲೇ. ಕಾಂಪೌಂಡ್ ಗೋಡೆ, ಗೇಟು ಆಮೇಲೆ ಕಟ್ಟಿದವು, ಹಾಳೆಯಲ್ಲಿ ಅವು ಇರಲಿಲ್ಲ.

“ಯಾವ ಗಿಡ?” ಎಂದರು ಮಾಸ್ತರರು.

ಮಾಸ್ತರರು ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದರು.

ಎಲ್ಲರೂ ಬಯಲಿಗೆ ಹೋದರು. ಹುಲ್ಲು ಬೆಳೆದಿತ್ತು.

“ಇಲ್ಲೇ ಇತ್ತು,” ಎಂದ ಒಬ್ಬ ಸದಸ್ಯ.

“ಅಲ್ಲಿ ಹೆಂಗ ಇರತೈತೋ? ನಾ ಅದರ ಬುಡಕ್ಕ ಕುಂತು ಬೀಡಿ ಸೇದ್ತಿದ್ದೆ, ಇಲ್ಲೆ,” ಎಂದ ಇನ್ನೊಬ್ಬ, ಬಹಳ ದೂರದಿಂದ.

ಗೌಸಮೊದ್ದೀನ ಸಾಹೇಬರು ಇಬ್ಬರಿಗೂ ನಡುವೆ ನಿಂತು, ಗಿಡ ತಾವು ನಿಂತಲ್ಲೇ ಇತ್ತೆಂದು ಅಧ್ಯಕ್ಷರಿಗೆ ತಕ್ಕ ಅಭಿಪ್ರಾಯ ಕೊಟ್ಟರು. ಜ್ವರದ ವರ್ಷದ ಗೋರಿಗಳು ಒಂದಕ್ಕೊಂದು ಗೇಣು ಅಂತರದಲ್ಲಿದ್ದವು. ಅಂದಾಜಿನ ಮೇಲೆ ಗುದ್ದಲಿ ಹಾಕಿದರೆ ಯಾರದೋ ಎಲುಬು ಮೇಲೆ ಬರುವುದು ಖರೇ. ಆ ಭಾಗದಲ್ಲಿ ಇನ್ನು ಅಗೆಯಕೂಡದೆಂಬ ಠರಾವಿಗೆ ಚರ್ಚೆಯೇ ಬೇಕಾಗಲಿಲ್ಲ.

ಗೇಟಿನಲ್ಲಿ ಗುಲ್ಜಾರಬಿ ಕಾಯುತ್ತಿದ್ದಳು. “ಸಿಕ್ತೇನ್ರಿ?”

“ನಕ್ಷಾ ಭಾಳ ಛಲೋ ಉಳದದ, ಬೀಬಿ,” ಎಂದರು ಮಾಸ್ತರರು.

“ನಕ್ಷಾದ್ದು ನಾ ಕೇಳಲಿಲ್ಲರಿ.”

ಆಮೇಲೆ ಮಾಸ್ತರರು ಯಾರೂ ಕರೆಯದಿದ್ದರೂ ಧಾರವಾಡದಿಂದ ಬಂದು, ಟೇಪು ಹಿಡಿದು ಹುಲ್ಲಿನಲ್ಲಿ ಅಡ್ಡಾಡಿದರು. ಬೇರಿನ ಗುರುತು ಹುಡುಕಿದರು, ಮೊಳೆ ಎಸೆದದ್ದೆಲ್ಲಿ ಎಂದು ಬಡಿಗನನ್ನು ಕೇಳಿದರು. ಅವನಿಗೆ ನೆನಪಿದ್ದದ್ದು ಗರಗಸದ ಹಲ್ಲು ಮಾತ್ರ. ಗುಲ್ಜಾರಬಿ ಕೆಲವು ದಿನ ಗೇಟಿಗೆ ಬಂದಳು, ಆಮೇಲೆ ಬರಲಿಲ್ಲ.

ಚಳಿ ಹತ್ತುವ ಮೊದಲೇ ಅವಳು ತೀರಿಕೊಂಡಳು. ಗೇಟಿನ ಬಲಕ್ಕೆ, ಹೊಸ ಸಾಲಿನಲ್ಲಿ, ಗುರುತು-ಪರಿಚಯವಿಲ್ಲದವರ ನಡುವೆ ಅವಳನ್ನು ಮಣ್ಣು ಮಾಡಿದರು.